ಮೂರನೇ ಲೋಟ

"ಅದು ಗೋಡೆ ಒಳಗಿಲ್ಲ ಕಣಮ್ಮ, ನಿನ್ನ ಕಿವಿ ಒಳಗಿದೆ," ಅಂದರು ಪುಟ್ಟಬಸಮ್ಮ, ಸೊಪ್ಪು ಬಿಡಿಸುತ್ತಾ. "ಮದುವೆಯಾಗಿ ಬಂದಾಗಿಂದ ಇದೇ ಮನೇಲಿದ್ದೀನಿ. ನನಗೊಂದಿನ ಕೇಳ್ಬಾರದಾ?"

ಗಗನ ಮಹಡಿ ಮೆಟ್ಟಿಲ ಮೇಲೆ ನಿಂತು ಮೊರದಲ್ಲಿದ್ದ ದಂಟಿನ ಸೊಪ್ಪನ್ನೇ ನೋಡುತ್ತಿದ್ದಳು. ಎದುರಿನವರ ಮುಖ ನೋಡಿದರೆ ಅವಳಿಗೆ ಮಾತು ಮರೆತುಹೋಗುತ್ತದೆ. ಸೊಪ್ಪು ನೋಡಿಕೊಂಡರೆ ಹೇಳಬೇಕಾದ್ದನ್ನು ಪೂರ್ತಿ ಹೇಳಬಹುದು.

"ನನಗೊಬ್ಬಳಿಗೇ ಅಲ್ಲ ಆಂಟಿ. ಲಿಖಿತ್‌ಗೂ ಕೇಳ್ಸತ್ತೆ."

ಪುಟ್ಟಬಸಮ್ಮನ ಕೈ ನಿಂತಿತು. "ಯಾರು, ಆ ಹೂಟಗಳ್ಳಿ ಫ್ಯಾಕ್ಟರಿ ಹುಡುಗನಾ? ಗೇಟಲ್ಲಿ ನಿಂತು ನನ್ನ ಕಾಂಪೌಂಡಿಗೆ ನಮಸ್ಕಾರ ಹೇಳ್ತಾನಲ್ಲ, ಅವನಾ?"

"ನಿಮಗೇ ಹೇಳೋದು. ಮುಖ ಮಾತ್ರ ಕಾಂಪೌಂಡ್ ಕಡೆ ಇರತ್ತೆ."

ಆಕೆ ನಗಲು ಹೊರಟು, ಮಹಡಿಯ ಕಡೆ ನೋಡಿ, ಅರ್ಧಕ್ಕೇ ನಿಲ್ಲಿಸಿದರು. "ಇಬ್ರಿಗೆ ಕೇಳ್ಸೋದಾದ್ರೆ ಸರಿ ಬುಡು. ಬೆಳಿಗ್ಗೆ ಗಾರೆ ಮಂಟಯ್ಯಂಗೆ ಬರಕ್ಕೆ ಹೇಳ್ತೀನಿ, ನಿನ್ನ ಕೋಣೆ ಗೋಡೇಲಿ ಮುಚ್ಚಿರೋ ಆ ಗೂಡು ಒಡೆಸ್ಬುಡೋಣ. ನಮ್ಮನೆಯೋರು ಬದುಕಿರೋ ತನಕ ಅಲ್ಲೊಂದು ಮೊಳೆ ಹೊಡೆಯಕ್ಕೂ ಬಿಟ್ಟಿರ್ಲಿಲ್ಲ. ಇಬ್ರು ಹೇಳ್ತಿದ್ದೀರ ಅಂತ ಒಡೆಸ್ತಿರೋದು, ತಿಳ್ಕೋ. ಒಳಗೇನೂ ಇಲ್ದೆ ಹೋದ್ರೆ ಮಾತ್ರ ನಿಮ್ಮಣ್ಣಂಗೆ ಫೋನ್ ಮಾಡೋಳೇ ಸೈ. ಒಂಟಿಯಾಗಿದ್ದು ಇದ್ದು ಹುಡುಗಿಗೆ ಏನೇನೋ ಕೇಳ್ಸಕ್ಕೆ ಶುರುವಾಗಿದೆ, ಕರ್ಕೊಂಡು ಹೋಗಪ್ಪಾ ಅಂತೀನಿ."

ಜಯಲಕ್ಷ್ಮಿಪುರದ ಈ ಹಳೇ ಮನೆಯ ಮಹಡಿ ಕೋಣೆ ಗಗನ ಬದುಕಿನಲ್ಲಿ ಮೊದಲ ಸಲ ತನ್ನದು ಅಂದುಕೊಂಡ ಜಾಗ. ಇಲ್ಲಿ ಯಾರೂ ಟ್ಯೂಬ್‌ಲೈಟ್ ಹಾಕುವುದಿಲ್ಲ. ಯಾರೂ "ಏನು ಯೋಚನೆ ಮಾಡ್ತಿದ್ದೀಯ" ಅಂತ ಕೇಳುವುದಿಲ್ಲ. ಆಡಿಯೋ ಪುಸ್ತಕಗಳಲ್ಲಿ ಸೇರಿಕೊಂಡ ಉಸಿರು, ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆಯನ್ನು ತೆಗೆದು ಸದ್ದು ಶುದ್ಧ ಮಾಡುವುದು ಅವಳ ಕೆಲಸ. ಅನ್ನ ಕೊಡುವ ಕಿವಿಯನ್ನೇ ಈಗ ಪುಟ್ಟಬಸಮ್ಮ ಸುಳ್ಳು ಅನ್ನುತ್ತಿದ್ದರು.

ಆ ಸದ್ದು ಬರುವುದು ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ. ಕೋಣೆಯ ಒಂದು ಗೋಡೆಯಲ್ಲಿ ಹಿಂದೆ ದೊಡ್ಡದೊಂದು ಗೂಡಿತ್ತಂತೆ. ಈಗ ಅದನ್ನು ಇಟ್ಟಿಗೆ ಕಟ್ಟಿ ಮುಚ್ಚಿ ಗಾರೆ ಬಳಿದಿದ್ದಾರೆ. ಎಷ್ಟು ಸಲ ಸುಣ್ಣ ಹೊಡೆದರೂ ಅಷ್ಟು ಜಾಗದ ಬಣ್ಣ ಬೇರೆಯಾಗಿಯೇ ಕಾಣುತ್ತದೆ. ಅದರ ಹಿಂದಿನಿಂದಲೇ ಅನ್ನುವಂತೆ, ಬಾಯಿ ಮುಚ್ಚಿಕೊಂಡು ಯಾರೋ ಗುಂಯ್‌ಗುಡುತ್ತಾರೆ. ಹಾಡಲ್ಲ, ಅಳುವೂ ಅಲ್ಲ. ಏರುವುದಿಲ್ಲ, ಇಳಿಯುವುದಿಲ್ಲ. ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಂತು ಮತ್ತೆ ಶುರುವಾಗುತ್ತದೆ. ಗಗನ ಮೈಕ್ ಇಟ್ಟು ರೆಕಾರ್ಡ್ ಮಾಡಿ ನೋಡಿದ್ದಳು. ರೆಕಾರ್ಡಿಂಗಿನಲ್ಲಿ ಇದ್ದದ್ದು ಅವಳದೇ ಉಸಿರು.

*

ಲಿಖಿತ್ ಸಿಕ್ಕಿದ್ದು ಬನ್ನಿಮಂಟಪದಲ್ಲಿ, ಒಂದು ಕ್ಲಿನಿಕ್ಕಿನ ಮಹಡಿಯ ಮೇಲೆ ಭಾನುವಾರ ಸೇರುವ ಗುಂಪಿನಲ್ಲಿ. ಅಲ್ಲಿಗೆ ಬರುವವರೆಲ್ಲ ಅವಳ ಹಾಗೆಯೇ, ದೊಡ್ಡವರಾದ ಮೇಲೆ ಆಸ್ಪರ್ಜರ್ಸ್ ಅನ್ನಿಸಿಕೊಂಡವರು. ಈಗ ಡಾಕ್ಟರುಗಳು ಅದನ್ನೂ ಆಟಿಸಂ ಅಂತಲೇ ಕರೆಯುತ್ತಾರೆ. ಆದರೆ ಗುಂಪಿನವರಿಗೆ ತಮ್ಮ ಹಳೇ ಹೆಸರಿನ ಮೇಲೆ ಏನೋ ಪ್ರೀತಿ.

ಗುಂಪಿಗೆ ಒಂದು ಪದ್ಧತಿಯಿತ್ತು. ಕಾಫಿ ಕುಡಿದ ಮೇಲೆ ಸ್ಟೀಲ್ ಲೋಟ ನೆಟ್ಟಗಿಟ್ಟರೆ ಮಾತಾಡಿಸಬಹುದು. ಬೋರಲು ಹಾಕಿದರೆ, ಈಗ ಮಾತು ಬೇಡ, ಆದರೆ ಎದ್ದು ಹೋಗಬೇಡಿ, ಪಕ್ಕದಲ್ಲೇ ಇರಿ ಅಂತ. ಲಿಖಿತ್ ಮೊದಲ ದಿನ ಲೋಟ ಬೋರಲು ಹಾಕಿ ಕೂತವನು ಏಳುವ ತನಕ ಎತ್ತಲಿಲ್ಲ. ಗಗನಳೂ ಪಕ್ಕದಲ್ಲಿ ಹಾಗೇ ಕೂತಿದ್ದಳು. ಅಷ್ಟು ಒಳ್ಳೆಯ ಪರಿಚಯ ಅವಳಿಗೆ ಯಾರ ಜೊತೆಯೂ ಆಗಿರಲಿಲ್ಲ.

ಆಮೇಲೆ ಅವನು ಅವಳ ಕೋಣೆಗೆ ಬರತೊಡಗಿದ. ಅಲ್ಲಿ ಹಿಂದಿನವರು ಬಿಟ್ಟುಹೋದ ಒಂದು ನಿಲುವುಗನ್ನಡಿ ಇತ್ತು, ಅಂಚಿನಲ್ಲೆಲ್ಲ ಕಪ್ಪು ಚುಕ್ಕೆ ಬಿದ್ದಿದ್ದು. ಇಬ್ಬರೂ ಚಾಪೆಯ ಮೇಲೆ ಅಕ್ಕಪಕ್ಕ ಕೂತು ಕನ್ನಡಿ ನೋಡುತ್ತಿದ್ದರು. ನೇರ ನೋಡಲಾಗದ ಕಣ್ಣುಗಳು ಅದರಲ್ಲಿ ಸಲೀಸಾಗಿ ಸಿಗುತ್ತಿದ್ದವು.

"ನಿನ್ನ ಬಲ ಹುಬ್ಬು ಎಡದ್ದಕ್ಕಿಂತ ಮೇಲಿದೆ," ಅಂದಿದ್ದ ಒಂದು ದಿನ.

"ಕನ್ನಡೀಲಿ ಎಡ ಬಲ ಅದಲು ಬದಲು ಕಣೋ."

"ಹಂಗಾದ್ರೆ ಎಡ ಹುಬ್ಬು. ಯಾವುದಾದ್ರೂ ಸರಿ, ಚೆನ್ನಾಗಿದೆ."

ಅವಳ ಕಿವಿ ಬಿಸಿಯಾಗಿತ್ತು. ಅದೂ ಕನ್ನಡಿಯಲ್ಲಿ ಕಂಡಿತ್ತು.

ಅವತ್ತೇ ಸಂಜೆ ಗೋಡೆ ಗುಂಯ್‌ಗುಟ್ಟಿತು. ಅವಳು ಹೆದರಿ ಹೆದರಿ ಕೇಳಿದ್ದಳು. "ನಿನಗೇನಾದ್ರೂ ಕೇಳ್ಸ್ತಾ?" ಅವನು ತಡವಾಗಿ, ಆದರೆ ಸ್ಪಷ್ಟವಾಗಿ, "ಹೂಂ, ಕೇಳ್ಸ್ತು," ಅಂದಿದ್ದ. ಲೈಟು ಕಣ್ಣಿಗೆ ಚುಚ್ಚುತ್ತದೆ ಅಂದರೆ ಮನೆಯವರು "ಏನೂ ಇಲ್ಲ", ಅಂಗಿ ಕಾಲರಿನ ಚೀಟಿ ತಾಗಿ ಕುತ್ತಿಗೆ ಉರಿಯುತ್ತದೆ ಅಂದರೆ "ಏನೂ ಇಲ್ಲ". ಹೀಗೇ ಬೆಳೆದವಳು ಆ ರಾತ್ರಿ ದಿಂಬಿಗೆ ಮುಖ ಒತ್ತಿ ಸಂತೋಷಕ್ಕೆ ಅತ್ತಿದ್ದಳು.

*

ಮಂಟಯ್ಯ ಬರುವ ಹಿಂದಿನ ಸಂಜೆ ಲಿಖಿತ್ ಬಂದಾಗ ಅವನ ಷರಟಿನ ಗುಂಡಿ ಒಂದು ಮನೆ ತಪ್ಪಿತ್ತು.

"ಬೆಳಿಗ್ಗೆ ಗೋಡೆ ಒಡೀತಾರೆ," ಅಂದಳು ಗಗನ, ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತಾ. "ನಿನ್ನ ಮಾತಿನ ಮೇಲೆ. ಗೊತ್ತಾ?"

"ಪುಟ್ಟಬಸಮ್ಮೋರು ಕೆಳಗೆ ಹೇಳಿದ್ರು." ಅವನು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. "ಒಡೀಲೇಬೇಕಾ?"

"ಯಾಕೆ, ಭಯಾನಾ?"

"ಹೂಂ."

"ದೆವ್ವಕ್ಕಾ?"

"ಅಲ್ಲ," ಅಂದ. ಅಷ್ಟೇ ಅಂದ.

ಹೊರಗೆ ಬೆಳಕು ಬೂದಿ ಬಣ್ಣಕ್ಕೆ ತಿರುಗಿತು. ಕನ್ನಡಿಯಲ್ಲಿ ಅವರಿಬ್ಬರ ನಡುವೆ, ಹಿಂದಿನ ಗೋಡೆಯ ಆ ಬೇರೆ ಬಣ್ಣದ ಚೌಕ ಕಾಣುತ್ತಿತ್ತು, ಮೂರನೆಯವರು ಯಾರೋ ಬಾಗಿಲು ಹಾಕಿಕೊಂಡಂತೆ. ಬೀದಿ ದೀಪ ಹತ್ತಿತು. ಕಿಟಕಿಯ ಸರಳಿನ ನೆರಳು ಕೋಣೆಯೊಳಗೆ ಬಿತ್ತು.

"ಶುರುವಾಯ್ತು," ಅಂದ ಲಿಖಿತ್.

ಗಗನ ಉಸಿರು ಬಿಗಿಹಿಡಿದಳು. ಕೋಣೆ ನಿಶ್ಶಬ್ದವಾಗಿತ್ತು. ಕೆಳಗೆ ಕುಕ್ಕರು, ದೂರದಲ್ಲಿ ಒಂದು ಸ್ಕೂಟರ್. ಗೋಡೆಯಲ್ಲಿ ಏನೂ ಇಲ್ಲ. ಇವತ್ತು ಅದು ತಡಮಾಡಿತ್ತು.

"ಏನು ಶುರುವಾಯ್ತು?"

ಕನ್ನಡಿಯಲ್ಲಿ ಅವನ ಮುಖ ಬಿಳುಚಿತು.

"ನೀನು ಬೀದಿ ದೀಪ ನೋಡ್ಕೊಂಡು ಹೇಳ್ತಿದ್ದೀಯ," ಅಂದಳು ಅವಳು ನಿಧಾನಕ್ಕೆ. "ದಿನಾ ದೀಪ ಹತ್ತಿದಾಗ ಅದು ಶುರುವಾಗತ್ತೆ. ಅಷ್ಟೇ ನಿನಗೆ ಗೊತ್ತಿರೋದು."

"ನನಗೆ ಯಾವತ್ತೂ ಕೇಳ್ಸಿಲ್ಲ ಗಗನ."

ಅವನು ನೆಲಕ್ಕೆ ಹೇಳುತ್ತಾ ಹೋದ. "ಸ್ಕೂಲಿಂದ ಇದೇ ಕೆಲಸ. ಎಲ್ಲರೂ ನಕ್ಕಾಗ ನಗೋದು. ಕ್ಯಾಂಟೀನಲ್ಲಿ ಯಾರಾದ್ರೂ ಮ್ಯಾಚ್ ನೋಡಿದ್ಯಾ ಅಂದ್ರೆ ಸೂಪರ್ ಅನ್ನೋದು. ನೀನು ಅವತ್ತು ಕೇಳ್ದಾಗ ನಿನ್ನ ಮುಖ ಹೆಂಗಿತ್ತು ಅಂದ್ರೆ, ಇಲ್ಲ ಅಂದ್ರೆ ನೀನು ಮುರಿದುಹೋಗ್ತೀಯ ಅನ್ನಿಸ್ತು. ಹೂಂ ಅಂದ್ಬುಟ್ಟೆ. ಆಮೇಲೆ ವಾಪಸ್ ತಗೊಳ್ಳಕ್ಕೆ ಬರ್ಲಿಲ್ಲ."

"ಎಲ್ಲರ ಹತ್ರ ನಟನೆ ಮಾಡಿ ಸುಸ್ತಾಗಿ ನನ್ನ ಹತ್ರ ಬರ್ತೀನಿ ಅಂದಿದ್ದೆ ನೀನು."

"ಹೂಂ."

"ನನ್ನ ಹತ್ರಾನೂ ಮಾಡ್ದೆ."

ಹೋಗು ಅನ್ನಬಹುದಾಗಿತ್ತು, ಕಿರುಚಬಹುದಾಗಿತ್ತು. ಅವಳು ತನ್ನ ಲೋಟ ತೆಗೆದು ಚಾಪೆಯ ಮುಂದೆ ಬೋರಲು ಹಾಕಿದಳು.

ಲಿಖಿತ್ ಎದ್ದು ಹೋಗಲಿಲ್ಲ.

ಎಷ್ಟೋ ಹೊತ್ತು ಹಾಗೇ ಕೂತರು. ಕತ್ತಲೆ ಮೂಲೆಗಳಿಂದ ಕೋಣೆಯ ನಡುವಿಗೆ ಹರಿಯಿತು. ಆಗ, ಅವಳ ಬೆನ್ನ ಹಿಂದೆ, ಗಾರೆಯ ಕಡೆಯಿಂದ ಅದು ಬಂತು. ಎಂದಿಗಿಂತ ಹತ್ತಿರ. ತುಟಿಯನ್ನು ಗೋಡೆಗೇ ಒತ್ತಿಕೊಂಡಂತೆ. ಗಗನ ಅಲ್ಲಾಡಲಿಲ್ಲ. ಈಗ ಅದನ್ನು ಕೇಳುವವಳು ಜಗತ್ತಿನಲ್ಲಿ ತಾನೊಬ್ಬಳೇ.

"ಈಗ ಶುರುವಾಯ್ತು," ಅಂದ ಲಿಖಿತ್ ಮೆತ್ತಗೆ.

ಅವಳು ಕನ್ನಡಿ ನೋಡಿದಳು. ಕನ್ನಡಿಯಲ್ಲಿ ಅವನ ಕಣ್ಣು ಸಿಗಲಿಲ್ಲ. ಅವನು ಕುತ್ತಿಗೆ ತಿರುಗಿಸಿ ಅವಳನ್ನೇ, ನೇರವಾಗಿ, ನೋಡುತ್ತಿದ್ದ. ನೋಡುವುದು ನೋವು ಅನ್ನುವಂತೆ ರೆಪ್ಪೆ ಅದುರುತ್ತಿತ್ತು, ಆದರೂ ನೋಟ ಕಿತ್ತಿರಲಿಲ್ಲ.

ಅವಳು ಲೋಟ ಎತ್ತಿ ನೆಟ್ಟಗಿಟ್ಟಳು. "ನಿನಗೆ ಹೆಂಗೆ ಗೊತ್ತಾಯ್ತು?"

"ನಿನ್ನ ಕೈ ಮೇಲೆ ಕೂದಲು ಎದ್ದವು. ಹೆಬ್ಬೆರಳು ಮುಷ್ಟಿ ಒಳಗೆ ಹೋಯ್ತು. ನನಗೆ ಕೇಳಲ್ಲ ಗಗನ. ಆದ್ರೆ ನಿನ್ನ ನೋಡಿದ್ರೆ ಕಾಣತ್ತೆ. ಅದು ಇದೆ."

"ಕೇಳದೇ ಇದ್ರೂ ಇದೆ ಅಂತೀಯಾ?"

"ಇದು ನಟನೆ ಅಲ್ಲ. ನಟನೆ ಆಗಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ, ಬೀದಿ ದೀಪ ನೋಡ್ತಿದ್ದೆ. ಯಾರನ್ನೂ ಇಷ್ಟು ಹೊತ್ತು ನೋಡಿಲ್ಲ ನಾನು. ತಲೆ ಸುತ್ತುತ್ತಿದೆ. ನೀನಂದ್ರೆ ನನಗೆ ಇಷ್ಟ. ಯಾವಾಗ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಇದು ಸರಿಯಾದ ಟೈಮ್ ಅಲ್ಲ ಅನ್ಸತ್ತೆ."

"ಅಲ್ಲ," ಅಂದಳು ಗಗನ. ಆಮೇಲೆ, "ಆದ್ರೂ ಹೇಳಿದ್ದು ಒಳ್ಳೇದಾಯ್ತು."

"ಕೈ ಮುಟ್ಲಾ?"

"ಗಟ್ಟಿಯಾಗಿ ಹಿಡ್ಕೋ. ಮೆಲ್ಲಗೆ ಮುಟ್ಟಿದ್ರೆ ಉರಿಯತ್ತೆ."

ಅವನು ಗಟ್ಟಿಯಾಗಿಯೇ ಹಿಡಿದ. ಗೋಡೆ ಗುಂಯ್‌ಗುಡುತ್ತಲೇ ಇತ್ತು. ಅವಳಿಗೆ ಭಯವೂ ಆಗುತ್ತಿತ್ತು, ಸುಖವೂ ಆಗುತ್ತಿತ್ತು. ಯಾವುದು ಯಾವುದು ಅಂತ ಬಿಡಿಸಲು ಅವಳು ಹೋಗಲಿಲ್ಲ.

"ಕೆಳಗೆ ಹೋಗಿ ನಿಜ ಹೇಳ್ಬೇಕು," ಅಂದಳು ಕೊನೆಗೆ.

"ನಿಮ್ಮಣ್ಣಂಗೆ ಫೋನ್ ಮಾಡ್ತಾರೆ."

"ಮಾಡ್ಲಿ. ಸುಳ್ಳಿನ ಮೇಲೆ ಗೋಡೆ ಒಡೆಸಲ್ಲ ನಾನು."

*

ಪುಟ್ಟಬಸಮ್ಮ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಗಗನ ಆ ದೀಪ ನೋಡುತ್ತಾ ಹೇಳಿದಳು. "ಆಂಟಿ, ಲಿಖಿತ್‌ಗೆ ಕೇಳ್ಸಲ್ವಂತೆ. ನನಗೊಬ್ಬಳಿಗೇ ಕೇಳ್ಸೋದು. ಮಂಟಯ್ಯಂಗೆ ಬೇಡ ಅನ್ನಿ. ಅಣ್ಣಂಗೆ ಫೋನ್ ಮಾಡೋದಾದ್ರೆ ಮಾಡಿ."

"ತಪ್ಪು ನಂದು," ಅಂದ ಲಿಖಿತ್, ಬಾಗಿಲ ಚೌಕಟ್ಟಿಗೆ.

ಪುಟ್ಟಬಸಮ್ಮ ಇಬ್ಬರನ್ನೂ ನೋಡಿದರು, ಬಿಡದೆ ಹಿಡಿದಿದ್ದ ಆ ಕೈಗಳನ್ನೂ ನೋಡಿದರು. ಬೈಯಲು ಬಾಯಿ ತೆರೆದವರು ಯಾಕೋ ಬೇರೆಯೇ ಕೇಳಿದರು. "ಅದು ಎಂಗಿರತ್ತೆ ಮಗ? ಒಂದ್ಸಲ ಮಾಡಿ ತೋರ್ಸು."

ಗಗನ ಬಾಯಿ ಮುಚ್ಚಿ, ಒಂದೇ ಸ್ವರದಲ್ಲಿ, ಗುಂಯ್‌ಗುಟ್ಟಿದಳು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಮತ್ತೆ ಶುರುಮಾಡಿದಳು.

ಎಣ್ಣೆಯ ಗಿಂಡಿ ಪುಟ್ಟಬಸಮ್ಮನ ಕೈಯಿಂದ ಜಾರಿತು.

"ದೇವೀರಿ," ಅಂದರು ಆಕೆ. ನೆಲದಲ್ಲಿ ಹರಡುತ್ತಿದ್ದ ಎಣ್ಣೆಯನ್ನು ಒರೆಸಲೂ ಇಲ್ಲ. "ನನ್ನ ನಾದಿನಿ ದೇವೀರಮ್ಮ. ಯಾರ ಮುಖಾನೂ ನೋಡ್ತಿರ್ಲಿಲ್ಲ ಕಣಮ್ಮ. ಪೆದ್ದಿ ಅಂತಿದ್ವು ಎಲ್ಲಾ, ನಾನೂ ಅಂದಿದ್ದೀನಿ. ಮನೆಗೆ ನಾಲ್ಕು ಜನ ಬಂದು ಗದ್ದಲ ಆದ್ರೆ ಮೇಲೆ ಓಡಿಹೋಗಿ ಆ ಗೂಡೊಳಗೆ ಮುಖ ಹುದುಗಿಸ್ಕೊಂಡು ನಿಂತ್ಕೊಳ್ಳೋಳು. ಅಂಗೇ ಗುಂಯ್ ಅನ್ನೋಳು. ಬಂದೋರೆಲ್ಲ ನಗ್ತಾರೆ ಅಂತ ನಮ್ಮನೆಯೋರು ಗೂಡಿಗೆ ಇಟ್ಟಿಗೆ ಕಟ್ಟಿಸಿ ಮುಚ್ಚಿಸ್ಬುಟ್ರು. ಅವಳು ಆ ಗಾರೆ ಮುಂದೇನೇ ನಿಲ್ತಿದ್ಲು, ಹಣೆ ಆನಿಸ್ಕೊಂಡು. ಆಮೇಲೆ ಅವಳು ಜಾಸ್ತಿ ದಿನ ಇರ್ಲಿಲ್ಲ."

ಗಗನಳಿಗೆ ತನ್ನ ಅಣ್ಣನ ಮದುವೆ ನೆನಪಾಯಿತು. ಛತ್ರದ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಸಂದಿನಲ್ಲಿ ಮುಖವಿಟ್ಟುಕೊಂಡು ತಾನೂ ಇದೇ ಸದ್ದು ಮಾಡಿದ್ದು.

"ಆಂಟಿ, ಮಂಟಯ್ಯ ಬರ್ಲಿ," ಅಂದಳು. "ಒಡೆಸಿ. ಒಳಗೇನೂ ಇರಲ್ಲ. ಅವರು ಒಳಗಿಲ್ಲ, ಒಳಗೆ ಹೋಗಕ್ಕೆ ಕಾಯ್ತಿದ್ದಾರೆ. ಅವರಿಗೆ ಮುಖ ಇಡಕ್ಕೆ ಜಾಗ ಬೇಕು."

ಪುಟ್ಟಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿಮ್ಮಣ್ಣಂಗೆ ಏನು ಫೋನ್ ಮಾಡೋದು ಬುಡು," ಅಂದರು. ಆಮೇಲೆ ಲಿಖಿತ್ ಕಡೆ ತಿರುಗಿ, "ಗುಂಡಿ ಸರಿಯಾಗಿ ಹಾಕ್ಕೊಳ್ಳಪ್ಪಾ. ಅಳಿಯನ ಥರ ಕೈ ಹಿಡ್ಕೊಂಡು ಬಂದಿದ್ದೀಯ."

*

ಅವನು ಚಪ್ಪಲಿ ಮೆಟ್ಟುವ ಮೊದಲು ಇಬ್ಬರೂ ಮತ್ತೆ ಮೇಲೆ ಹೋದರು. ಕೋಣೆಯಲ್ಲಿ ಸದ್ದಿರಲಿಲ್ಲ. ಗಗನ ಅಡುಗೆ ಕಟ್ಟೆಯಿಂದ ಇನ್ನೊಂದು ಲೋಟ ತಂದು, ಖಾಲಿಯಾಗಿಯೇ, ಗಾರೆಯ ಮುಂದೆ ನೆಟ್ಟಗಿಟ್ಟಳು. ಚಾಪೆಗೆ ಬಂದು ಗೋಡೆಗೆ ಬೆನ್ನು ಮಾಡಿ ಅವನ ಪಕ್ಕ ಕೂತಳು.

"ಇನ್ಮೇಲೆ ಕೇಳ್ಸದೇ ಇದ್ರೆ ಇಲ್ಲ ಅಂತ್ಲೇ ಹೇಳು," ಅಂದಳು.

"ಹೇಳ್ತೀನಿ. ನೀನು ಕೇಳ್ಸ್ತು ಅಂದ್ರೆ ಹೌದು ಅಂತ್ಲೂ ಹೇಳ್ತೀನಿ."

"ಈಗ ನನ್ನ ನೋಡ್ಬೇಡ, ಸುಸ್ತಾಗತ್ತೆ. ಕನ್ನಡಿ ನೋಡು."

ಅವನು ಕನ್ನಡಿ ನೋಡಿದ. ಅವಳೂ ನೋಡಿದಳು. ಅದರಲ್ಲಿ ಅವರಿಬ್ಬರ ನಡುವೆ, ಆ ಬೇರೆ ಬಣ್ಣದ ಗೋಡೆಯ ಕೆಳಗೆ, ಮೂರನೇ ಲೋಟ ಬೋರಲಾಗಿತ್ತು.