ಒಳಗಿನಿಂದ ಹಾಡುವ ಪ್ಲೇಟು

ಮೂರು ಗ್ರಾಮಫೋನ್ ಪ್ಲೇಟುಗಳಿದ್ದ ಪೆಟ್ಟಿಗೆಯಲ್ಲಿ ಬೆಳಿಗ್ಗೆ ಎರಡೇ ಇದ್ದವು.

ಕೊಳ್ಳೇಗಾಲದ ಮುತ್ತಯ್ಯನ ರೇಡಿಯೊ ಅಂಗಡಿಯಲ್ಲಿ ಶಿವರತ್ನಮ್ಮ ಪೆಟ್ಟಿಗೆಯೊಳಗಿನ ಹುಲ್ಲು ಕೆದಕಿ ನೋಡಿದಳು. ಹೋಗಿದ್ದು ಹಾಡುಗಾರ ಪುಟ್ಟಮಾದಯ್ಯನ ಹೆಸರಿದ್ದ ಪ್ಲೇಟೇ!

ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಅವಳಿಗೆ ಆ ಪೆಟ್ಟಿಗೆ ಸಿಕ್ಕಿದ್ದು ಯಳಂದೂರಿನ ಹಳೇ ಬಂಗಲೆಯ ಅಟ್ಟದಲ್ಲಿ. ಬ್ರಿಟಿಷರ ಕಾಲದಲ್ಲಿ ಲಂಡನ್ ರೇಡಿಯೊದ ದೊರೆಯೊಬ್ಬ ಆ ಬಂಗಲೆಯ ಜಗಲಿಯಲ್ಲಿ ಹಾಡುಗಾರರನ್ನು ಕೂರಿಸಿ ಹಾಡು ಹಿಡಿದುಕೊಂಡು ಹೋಗಿದ್ದ. ಆಮೇಲೆ ಅಲ್ಲಿಂದ ಅವುಗಳ ನಕಲು ಪ್ಲೇಟು ಕಳಿಸಿದ್ದ. ಇಷ್ಟು ವರ್ಷ ಯಾರೂ ಬಿಚ್ಚಿರಲಿಲ್ಲ.

"ಇನ್ಯಾರು ತಕಂಡಿರ್ತಾರೆ ಮೇಡಂ?" ಮುತ್ತಯ್ಯ ಬಾಗಿಲ ಕಡೆ ಗದ್ದ ಎತ್ತಿದ. "ನೆನ್ನೆ ಇದ್ರ ಮುಂದೆ ಕೂತ್ಕಂಡು ಅಳ್ತಿದ್ಲಲ್ಲ!"

ಬಾಗಿಲಲ್ಲಿ ನಿಂತಿದ್ದವಳು ಪುಟ್ಟಮಾದಯ್ಯನ ಮಗಳು, ಅಗರದ ಚಾಮುಂಡಮ್ಮ. "ಅತ್ರೆ ಕಳ್ಳೀನಾ? ನಮ್ಮಪ್ಪಂದು ಒಂದು ಪಟಾನೂ ಇಲ್ಲ. ದನಿ ಐತೆ ಅಂದ್ರು, ಓಡ್ಬಂದೆ."

"ಪೊಲೀಸ್ನೋರ್ಗೆ ಒಪ್ಸಿ," ಎಂದರು ಬೆಂಚಿನ ಮೇಲಿದ್ದ ಶಿವರುದ್ರಸ್ವಾಮಿ. ಅಗರದ ಜಮೀನ್ದಾರರು. ನೆನ್ನೆ ರಿಪೇರಿಗೆ ಕೊಟ್ಟ ರೇಡಿಯೊ ಒಯ್ಯಲು ಬಂದಿದ್ದರು. "ಆ ಪ್ಲೇಟ ನಾನು ಕಣ್ಣಲ್ಲೂ ನೋಡಿಲ್ಲ."

ಶಿವರತ್ನಮ್ಮ ಚಾಮುಂಡಮ್ಮನನ್ನು ಕೇಳಿದಳು: "ನಿಮ್ಮಪ್ಪ ಹಾಡಿದ್ದೇನು?"

"ಕೆರೆ ಪದ. ಏರಿ ಕಟ್ಟೋವಾಗ ಮಣ್ಣು ಕುಸಿದು ಸತ್ತೋರ ಎಸ್ರೆಲ್ಲ ಅದ್ರಲ್ಲಿ ಕಟ್ಟಿದ್ನಂತೆ. ಆಮ್ಯಾಕೆ ಯಾರೂ ಆಡಕ್ಕೆ ಬುಡ್ಲಿಲ್ಲ. ಏರಿ ಮ್ಯಾಲಿನ ಕಲ್ಲಲ್ಲಿ, ಕಟ್ಸಿದೋರು ಅಂತ, ಈ ಬುದ್ಧಿಯೋರ ಅಪ್ಪಂದೊಂದೇ ಎಸ್ರು." ಅವಳು ಬೆಂಚಿನ ಕಡೆ ಕೈ ತೋರಿಸಿದಳು.

ಶಿವರತ್ನಮ್ಮ ಉಳಿದೆರಡು ಪ್ಲೇಟನ್ನು ಹೊರಗೆ ತೆಗೆದಳು. ನೆನ್ನೆ ಅವಳೂ ಮುತ್ತಯ್ಯನೂ ಮೂರು ಪ್ಲೇಟನ್ನೂ ಹಾಕಿ ನೋಡಿದ್ದರು. ಒಂದೂ ಹಾಡಿರಲಿಲ್ಲ. 'ಕೆಟ್ಟೋಗವೆ' ಎಂದಿದ್ದ ಮುತ್ತಯ್ಯ. ಹಾಗಾದರೆ — ಮೂಕ ಪ್ಲೇಟನ್ನು ಕದಿಯುವವರು ಯಾರು?

"ಇನ್ನೊಂದ್ಸಲ ಹಾಕಿ ಮುತ್ತಯ್ಯ."

ಮುತ್ತಯ್ಯ ಅವುಗಳಲ್ಲೊಂದನ್ನು ಅಂಗಡಿಯ ಗ್ರಾಮಫೋನಿನ ಮೇಲಿಟ್ಟು, ಕೀ ಕೊಟ್ಟು, ಅಂಚಿಗೆ ಮುಳ್ಳು ಬಿಟ್ಟ. ಕರ್ರೆಂದು ಮುಳ್ಳು ಆಚೆ ಜಾರಿತು.

"ನೀನು, ಚಾಮುಂಡಮ್ಮ."

ಅವಳೂ ಅಂಚಿಗೇ ಬಿಟ್ಟಳು. ಕರ್ರ್.

"ನಿಮ್ಮನೇಲಿ ಗ್ರಾಮಫೋನ್ ಇದೆಯಂತಲ್ಲ, ನೀವೊಂದ್ಸಲ?"

"ಎಂಥಾ ರಗಳೆ ಕಣಮ್ಮ ಇದು!" ಶಿವರುದ್ರಸ್ವಾಮಿ ರೇಗುತ್ತಲೇ ಎದ್ದು ಮುಳ್ಳು ಬಿಟ್ಟರು. ನಡುವೆ, ಹೆಸರಿನ ಚೀಟಿಯ ಮಗ್ಗುಲಿಗೆ.

ಅಂಗಡಿಯಲ್ಲಿ ತಂಬೂರಿ ಮಿಡಿಯಿತು. ಯಾರೋ ಹೆಂಗಸು ಹಾಡತೊಡಗಿದಳು.

ಶಿವರುದ್ರಸ್ವಾಮಿ ಕೈ ಹಿಂದಕ್ಕೆ ಎಳೆದುಕೊಂಡರು. ತಡವಾಗಿತ್ತು.

"ಈ ಪ್ಲೇಟು ಒಳಗಿನಿಂದ ಹೊರಕ್ಕೆ ಹಾಡೋದು ನಮಗ್ಯಾರಿಗೂ ಗೊತ್ತಿರಲಿಲ್ಲ," ಎಂದಳು ಶಿವರತ್ನಮ್ಮ. "ಹಾಡೋದಿಲ್ಲ ಅಂದ್ಕೊಂಡೋರು ಕದಿಯೋದಿಲ್ಲ. ಹಾಡುತ್ತೆ ಅಂತ ಗೊತ್ತಿದ್ದೋರು ಒಬ್ಬರೇ. ನೀವೇ ಕದ್ದಿದ್ದು. ಎಲ್ಲಿ ಕಲಿತ್ರಿ?"

"ಬುದ್ಧಿ, ನೀವಾ?" ಮುತ್ತಯ್ಯ ಬಾಯಿ ಬಿಟ್ಟ. "ನೆನ್ನೆ ನಾನು ಟೀ ತರಕ್ಕೆ ಓದಾಗ..."

ಶಿವರುದ್ರಸ್ವಾಮಿ ಹೋಗಿ ಬೆಂಚಿನ ಮೇಲೆ ಕೂತರು. "ದೊರೆ ಅವತ್ತೇ ಅಲ್ಲೇ ಪ್ಲೇಟಿಗೆ ಕೊರೆದು, ಒಳಗಿನಿಂದ ಮುಳ್ಳು ಬಿಟ್ಟು ಕೇಳ್ಸಿದ್ದ. ನಾನು ಹುಡುಗ, ಮಗ್ಗುಲಲ್ಲೇ ಕೂತಿದ್ದೆ. ಒಡೆದಾಕ್ಬೇಕು ಅಂತಾನೇ ಒಯ್ದೆ. ರಾತ್ರಿ ಒಂದ್ಸಲ ಹಾಕ್ದೆ... ಕೊನೇಲಿ ನಮ್ಮಪ್ಪಾಜಿ ದನೀನೂ ಐತೆ. ಒಡೆಯಕ್ಕೆ ಕೈ ಬರ್ಲಿಲ್ಲ." ತಲೆ ಎತ್ತಲಿಲ್ಲ. "ತಂದ್ಕೊಡ್ತೀನಿ. ಇವ್ಳು ಇಲ್ಲೇ ಬಾಗ್ಲಾಕಂಡು ಕೇಳ್ಕಳ್ಳಲಿ."

"ಬಾಗ್ಲಾಕಂಡಾ?" ಚಾಮುಂಡಮ್ಮ ಒಳಗೆ ಬಂದಳು. ಈ ಸಲ ಬುದ್ಧಿ ಎನ್ನಲಿಲ್ಲ, ಹೆಸರು ಹಿಡಿದೇ ಕರೆದಳು. "ಶಿವರುದ್ರಸ್ವಾಮೇರೆ, ಕೆರೆ ಏರಿ ಮ್ಯಾಲೆ ಕೇಳ್ತೀನಿ. ನಿಮ್ಮಪ್ಪನ ಕಲ್ಲಿನ ಮುಂದೆ. ಮುತ್ತಯ್ಯ, ಮೈಕು ತಕಂಡು ಬಾ. ಕಳ್ಳಿ ಅಂದ್ಯಲ್ಲ, ಬಾಡ್ಗೆ ಕೇಳ್ಬ್ಯಾಡ."

ಭಾನುವಾರ ಸಂಜೆ ಊರಿಗೆ ಊರೇ ಏರಿಯ ಮೇಲಿತ್ತು. ಶಿವರತ್ನಮ್ಮ ಚೀಟಿಯ ಮಗ್ಗುಲಿಗೆ ಮುಳ್ಳು ಬಿಟ್ಟಳು. ಮೊದಲು ಒಂದು ಕೆಮ್ಮು. ಚಾಮುಂಡಮ್ಮ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ಹೆಸರುಗಳು, ಒಂದರ ಹಿಂದೊಂದು. ಗುಂಪಿನಲ್ಲಿ ಯಾರೋ 'ನಮ್ಮಜ್ಜ!' ಎಂದರು. ಇನ್ಯಾರೋ ಅತ್ತರು.

ಕೊನೆಯಲ್ಲಿ ಗಡಸು ದನಿಯೊಂದು ನುಗ್ಗಿತು: "ನಿಲ್ಸಲೇ ಮಾದಯ್ಯ!"

ದೂರದಲ್ಲಿ ನಿಂತಿದ್ದ ಶಿವರುದ್ರಸ್ವಾಮಿ ತಲೆ ತಗ್ಗಿಸಿದರು.

ಹಾಡು ನಿಲ್ಲಲಿಲ್ಲ. ಇನ್ನೂ ಏರುದನಿಯಲ್ಲಿ ಉಳಿದ ಹೆಸರುಗಳನ್ನು ಕರೆಯುತ್ತ, ಮುಳ್ಳು ಪ್ಲೇಟಿನ ಅಂಚು ದಾಟುವವರೆಗೂ ಹಾಡಿತು.