ಚೀಟಿ ನೋಡಿ ಹೇಳಿದ ರುಚಿ

ಶನಿವಾರ ಮಧ್ಯಾಹ್ನ ಶಿಕಾಗೋದ ಆ ದೊಡ್ಡ ದಿನಸಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಲೆಯಿಂದ ಆಗತಾನೇ ಇಳಿದ ಬ್ರೆಡ್ಡಿನ ಕಡೆಗೆ ಜನ ಮೂಗರಳಿಸಿಕೊಂಡು ನುಗ್ಗುತ್ತಿದ್ದರು. ವೆಂಡೆಲ್ ಕೂಡ ಮೂಗರಳಿಸಿದ. ಅವನದು ಬರೀ ನಟನೆ. ಎರಡು ವರ್ಷದ ಹಿಂದಿನ ಒಂದು ಹಾಳು ಜ್ವರ ಅವನ ಮೂಗನ್ನು ಕೆಲಸಕ್ಕೆ ಬಾರದಂತೆ ಮಾಡಿ ಹೋಗಿತ್ತು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಇಷ್ಟೇ ಉಳಿದಿದ್ದವು.

ಜೊತೆಗೆ ಬಂದಿದ್ದ ಲೊರೆಟಾಳಿಗೆ ಇದು ಗೊತ್ತಿರಲಿಲ್ಲ.

ಹೋದ ಚಳಿಗಾಲ ಇದೇ ಚೀಸ್ ಕೌಂಟರಿನಲ್ಲಿ, ಗುರುತು ಪರಿಚಯವಿಲ್ಲದ ಈ ಹೆಂಗಸು ತನ್ನ ಕೈಯಲ್ಲಿದ್ದ ತುಣುಕನ್ನು ಮುರಿದು ಅವನಿಗೆ ಕೊಟ್ಟು, "ಹೇಗಿದೆ ಹೇಳಿ" ಎಂದಿದ್ದಳು. ಆ ಕಣ್ಣುಗಳ ಎದುರು "ಗೊತ್ತಾಗಲ್ಲ" ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಚೀಸಿನ ಪಕ್ಕ ಅದರ ರುಚಿ ಬರೆದು ಚುಚ್ಚಿದ್ದ ಚೀಟಿಯನ್ನು ಓರೆಗಣ್ಣಲ್ಲಿ ಓದಿ, "ಅಕ್ರೋಟಿನ ಹಾಗಿದೆ. ಕೊನೇಲಿ ಒಂಚೂರು ಜೇನು" ಎಂದ. ತಟ್ಟೆಯಿಂದ ತಲೆಯೆತ್ತದೆ ಉಂಡು ಎದ್ದುಹೋಗುವ ಗಂಡನನ್ನು ಬಿಟ್ಟು ಬಂದಿದ್ದ ಲೊರೆಟಾ ಅವನನ್ನೇ ನೋಡುತ್ತ ನಿಂತಳು. ಅಂದಿನಿಂದ ಅವನು ಚೀಟಿ ಓದುತ್ತಲೇ ಬಂದಿದ್ದ.

ಮೊನ್ನೆ ಅವಳು, "ನಿನ್ನ ಮನೆ ಖಾಲಿ ಮಾಡಿ ನನ್ನ ಹತ್ರ ಬಂದ್ಬಿಡು. ಶನಿವಾರ ಹೇಳು" ಎಂದಿದ್ದಳು. ಹೋಗಲು ಅವನ ಜೀವ ಹಾತೊರೆಯುತ್ತಿತ್ತು. ಆದರೆ ಮೂರು ಹೊತ್ತೂ ಅವಳ ಎದುರು ಉಣ್ಣಲು ಕೂತರೆ ಚೀಟಿಗಳನ್ನು ಎಲ್ಲಿಂದ ತರುವುದು?

"ಏನೋ ಅದು, ಸಾವಿನ ಮನೆಗೆ ಬಂದೋನ ಹಾಗೆ ನಿಂತಿದೀಯ," ಎಂದು ಲೊರೆಟಾ ಚೀಸಿನ ತುಣುಕೊಂದನ್ನು ಅವನ ಬಾಯಿಗೆ ಇಟ್ಟು, ತಾನೂ ಒಂದನ್ನು ಬಾಯಿಗೆ ಹಾಕಿಕೊಂಡಳು. "ಹೇಳು ನೋಡೋಣ."

ಅವನು ಚೀಟಿಯತ್ತ ಓರೆನೋಟ ಹಾಯಿಸಿ, ಕಣ್ಣು ಮುಚ್ಚಿ ಚಪ್ಪರಿಸಿದ. "ಹೊಗೆಯ ಘಮ. ಹಿತವಾಗಿದೆ."

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಹೊಗೆನಾ?"

ಕೌಂಟರಿನ ಹಿಂದಿದ್ದ ಮುದುಕಿ ಟ್ರೂಡಿ ಬಗ್ಗಿ ನೋಡಿ, "ಅಯ್ಯೋ, ಚೀಟಿ ಅದಲುಬದಲಾಗಿದೆ ಕಣಮ್ಮ. ಹೊಗೆದು ಆ ಕಡೇದು" ಎಂದು ಚೀಟಿಯನ್ನು ಕಿತ್ತು ಬೇರೆ ಕಡೆ ಚುಚ್ಚಿದಳು.

ಲೊರೆಟಾ ಚೀಟಿಯನ್ನು ನೋಡಿದಳು, ಅವನನ್ನು ನೋಡಿದಳು. ಸಾಮಾನಿನ ಗಾಡಿ ತಳ್ಳಿಕೊಂಡು ಹೋಗಿ, ಜನ ಕೂತು ತಿನ್ನುವ ಸ್ಟೂಲುಗಳಲ್ಲಿ ಒಂದರ ಮೇಲೆ ಕೂತಳು. ಅವನು ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿದ.

"ಅಂದ್ರೆ ನನ್ನ ಅಡುಗೆ ಒಂದು ತುತ್ತೂ..."

"ಉಪ್ಪು, ಹುಳಿ ಬಿಟ್ರೆ ಒಂದು ತುತ್ತೂ ಗೊತ್ತಾಗಿಲ್ಲ."

"ನಮ್ಮಮ್ಮನ ಥರ ಸೂಪು ಮಾಡಿದ್ದೆ, ಕುಡೀತಾ ಕಣ್ಣೀರು ಹಾಕಿದ್ಯಲ್ಲ. ಅದೂ ನಾಟಕಾನಾ?"

"ಅಲ್ಲ. ಇದರ ರುಚಿ ನಂಗೆ ಸಿಗ್ತಿಲ್ವಲ್ಲಾ ಅಂತ ಅತ್ತೆ."

ಪಕ್ಕದಲ್ಲಿ ಯಾರೋ ಪಿಜ್ಜಾ ತಿನ್ನುತ್ತ ಜೋರಾಗಿ ನಗುತ್ತಿದ್ದರು. ಲೊರೆಟಾ ಅತ್ತ ಒಮ್ಮೆ ದುರುಗುಟ್ಟಿ ನೋಡಿ ಇತ್ತ ತಿರುಗಿದಳು.

"ಮೂಗು ಸತ್ತಿದೆ ಅಂದಿದ್ರೆ ನಾನೇನು ಬಿಟ್ಟು ಹೋಗ್ತಿದ್ನಾ? ಈಗ ಹೋಗ್ಬೇಕು ಅನ್ಸ್ತಿದೆ. ನನ್ನ ಬಗ್ಗೆ ಅಷ್ಟೆಲ್ಲ ಚೆಂದ ಚೆಂದ ಹೇಳ್ತಿದ್ಯಲ್ಲ, ಅದನ್ನ ಯಾವ ಚೀಟಿ ನೋಡಿ ಹೇಳ್ದೆ?"

ವೆಂಡೆಲ್ ಅವಳ ಕಡೆಗೆ ಬಾಗಿದ. "ನಿಂಗೆ ಚೀಟಿ ಇರ್ಲಿಲ್ಲ, ಲೊರೆಟಾ. ನಿನ್ನ ವಾಸನೆ ಹೇಗಿದೆ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ನೀನು ಮಲಗಿದ್ದಾಗ ಕತ್ತಿಗೆ ಮುಖ ಇಟ್ಟು ಎಷ್ಟು ಎಳ್ಕೊಂಡ್ರೂ ಬರೀ ಗಾಳಿ. ಎಲ್ಲಕ್ಕಿಂತ ಅದೇ ನಂಗೆ ಸಂಕಟ."

ಅವಳು ಎದ್ದು ಗಾಡಿ ಹಿಡಿದಳು. ಮುಗಿಯಿತು ಎಂದುಕೊಂಡು ಅವನು ತಲೆ ತಗ್ಗಿಸಿದ. ಗಾಡಿ ಸ್ವಲ್ಪ ದೂರ ಹೋಗಿ ನಿಂತಿತು.

ಅವಳು ವಾಪಸ್ಸು ಬಂದು ಅಂಗೈಯನ್ನು ಅವನ ಮೂಗಿನ ಕೆಳಗೆ ಹಿಡಿದಳು. "ಬೆಳಿಗ್ಗೆ ಬೆಳ್ಳುಳ್ಳಿ ಬಿಡಿಸಿದ್ದೆ, ಸೋಪು ಹಾಕಿದ್ರೂ ಹೋಗಿಲ್ಲ. ಅದರ ಮೇಲೆ ಗುಲಾಬಿ ಕ್ರೀಮು ಬೇರೆ. ಒಟ್ನಲ್ಲಿ ಗಬ್ಬು ಕಣೋ." ಅವಳ ಕಣ್ಣು ತುಂಬಿತ್ತು. "ಏನ್ ಬರ್ತಿದೆ, ಹೇಳು."

ವೆಂಡೆಲ್ ಉಸಿರನ್ನು ಆಳವಾಗಿ ಎಳೆದುಕೊಂಡ.

"ಏನೂ ಇಲ್ಲ," ಎಂದ.

"ಹ್ಞಾಂ, ಹಾಗೇ ಹೇಳ್ಬೇಕು," ಎಂದಳು ಲೊರೆಟಾ. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.