ಮಂಜುಗಡ್ಡೆಯ ಮೇಲೆ ನೆಟ್ಟ ಕೊಂಬೆಗಳು

"ಈಗ ಯಾರಿಗೋಸ್ಕರ ನೆಡ್ತಿದ್ದೀಯ, ತಾವೆತ್?"

ಮಂಜುಗಡ್ಡೆಯ ಮೇಲೆ ಮಂಡಿಯೂರಿದ್ದ ತಾವೆತ್ ತಲೆಯೆತ್ತಿದ. ಎರಡು ವರ್ಷದಲ್ಲಿ ಲೇಲೊ ಅವನೊಡನೆ ಆಡಿದ ಮೊದಲ ಮಾತು ಅದು... ಅದೂ ಇಂಥ ಮಾತು!

ಕುರ್ತ್ನಾದ ನಲವತ್ತು ಪುಟ್ಟ ಸರೋವರಗಳಿಗೂ ಅವನೇ ಕಾವಲುಗಾರ. ತಳದಲ್ಲಿ ಬುಗ್ಗೆಯಿರುವ ಕಡೆ ಮಂಜುಗಡ್ಡೆ ತೆಳ್ಳಗಿರುತ್ತದೆ. ಅಂಥ ಜಾಗದ ಸುತ್ತ, ಚಳಿಗಾಲದಲ್ಲೂ ಹಸಿರಾಗಿರುವ ಸ್ಪ್ರೂಸ್ ಮರದ ಕೊಂಬೆ ನೆಟ್ಟು ಜನರನ್ನು ಎಚ್ಚರಿಸುವುದು ಅವನ ಕೆಲಸ. ಎರಡು ವರ್ಷದ ಹಿಂದೆ, ಲೇಲೊಳ ಅಜ್ಜಿಯನ್ನು ಮಣ್ಣು ಮಾಡಿದ ದಿನವೇ, ಕೊಂಬೆಯಿಲ್ಲದ ಜಾಗದಲ್ಲಿ ಕಾಲಿಟ್ಟ ಅವಳ ಅಪ್ಪ ನೀರುಪಾಲಾದರು. ಮರುದಿನವೇ ಅವಳು ಮದುವೆಯ ಉಂಗುರವನ್ನು ತಾವೆತ್‌ನ ಕೈಗೆ ತುರುಕಿ ತವರಿಗೆ ಬಂದಿದ್ದಳು. ಕೊಂಬೆ ಯಾಕೆ ನೆಟ್ಟಿರಲಿಲ್ಲವೆಂದು ಊರೆಲ್ಲ ಕೇಳಿತು. ಅವನು ತುಟಿ ಪಿಟಕ್ಕೆನ್ನಲಿಲ್ಲ.

ಲೇಲೊ ಒಂದು ಕೊಂಬೆಯನ್ನು ಕಿತ್ತಳು.

"ನನ್ನ ಬೈಯಿ, ಪರವಾಗಿಲ್ಲ," ಎಂದ ಅವನು ಮೆಲ್ಲಗೆ. "ಕೊಂಬೆ ಅಲ್ಲೇ ಇರ್ಲಿ."

ಆ ದನಿ ಕೇಳಿ ಅವಳ ಕರುಳು ಚುರುಕ್ಕೆಂದಿತು. ಛೀ, ಹಾಳು ಮನಸ್ಸೇ... ಅಪ್ಪನನ್ನು ಸಾಯಗೊಟ್ಟವನಿಗಾಗಿ ಇನ್ನೂ ಮರುಗುತ್ತೀಯಲ್ಲ! ಕೊಂಬೆ ಹಿಡಿದೇ ಮನೆಗೆ ನಡೆದಳು.

ಅದನ್ನು ಕಂಡದ್ದೇ ತಡ, ಅಮ್ಮನ ಮುಖ ಬಿಳಿಚಿಕೊಂಡಿತು. ಅದು ಎಲ್ಲಿಂದ ಬಂತೆಂದು ಕೇಳಿದಳು. ಉತ್ತರ ಕೇಳಿ ಬೆಂಚಿನ ಮೇಲೆ ಕುಸಿದಳು.

"ನಾನೂ ಹೀಗೇ ಕಿತ್ತಿದ್ದೆ ಕಣೇ..."

ಹೆಣ ಹೋಗುವ ದಾರಿಗೆ ಸ್ಪ್ರೂಸ್ ಕೊಂಬೆ ಹಾಸದಿದ್ದರೆ ಸತ್ತವರಿಗೆ ಅವಮಾನ. ಇಲ್ಲಿಯದು ಸಂರಕ್ಷಿತ ಕಾಡು, ಕಡಿಯುವಂತಿಲ್ಲ; ಆಚೆಯ ಕಾಡಿಗೆ ಹೋಗಲು ಮಂಡಿಯುದ್ದ ಹಿಮ. ಹೊತ್ತಾಯಿತೆಂದು ಅಮ್ಮ ಸರೋವರದ ಕೊಂಬೆಗಳನ್ನೇ ಕಿತ್ತು ತಂದಿದ್ದಳು. ಮಣ್ಣು ಮುಗಿಸಿ ಗಂಡ ನೆಂಟರ ಜೊತೆ ರಸ್ತೆಯಲ್ಲೇ ಬರುತ್ತಾನೆ, ನಾಳೆ ಮತ್ತೆ ನೆಟ್ಟರಾಯಿತು ಎಂದುಕೊಂಡಿದ್ದಳು. ಅವನು ಸರೋವರದ ಅಡ್ಡದಾರಿ ಹಿಡಿದ.

"ತಾವೆತ್‌ಗೆ ಗೊತ್ತಿತ್ತು. ಅವನು ನನ್ನ ಹೆಸರು ಹೇಳ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ."

ಲೇಲೊಗೆ ಅಳು ಬರಲಿಲ್ಲ. ಅಂದು ಆ ಕೊಂಬೆಗಳನ್ನು ಅಂಗಳದುದ್ದಕ್ಕೂ ಹಾಸಿದ್ದು ತಾನೇ ಅಲ್ಲವೇ... ಈ ಕೈಗಳೇ ಅಲ್ಲವೇ? ಕೊಂಬೆ ಎತ್ತಿಕೊಂಡು ಸರೋವರಕ್ಕೆ ಓಡಿದಳು.

ಅವನಿನ್ನೂ ಅಲ್ಲೇ ಇದ್ದ.

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಅಜ್ಜಿಯ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದೆ. ಕಾಲ ಕೆಳಗೆ ನಾನು ನೆಟ್ಟಿದ್ದ ಕೊಂಬೆಗಳೇ ಕಂಡ್ವು. ಮಣ್ಣು ಮುಗೀಲಿ, ಆಮೇಲೆ ಬೇರೆ ನೆಡೋಣ ಅಂದ್ಕೊಂಡೆ." ಅವನು ಕೈಯಲ್ಲಿದ್ದ ನೀರಿನ ಬಕೆಟ್ಟನ್ನು ಕೆಳಗಿಟ್ಟ. "ಅಷ್ಟರಲ್ಲಿ ನಿಮ್ಮಪ್ಪ... ತಪ್ಪು ನಂದೂ ಇದೆ, ಲೇಲೊ."

ಅವಳು ಕೈಯಲ್ಲಿದ್ದ ಕೊಂಬೆಯನ್ನು ನೋಡಿದಳು.

"ಕ್ಷಮಿಸೋಕೆ ನನ್ನಿಂದ ಆಗ್ತಿಲ್ಲ. ಅಮ್ಮನ್ನೂ... ನಿನ್ನನ್ನೂ... ನನ್ನನ್ನೂ."

"ಗೊತ್ತು."

"ನೀನಿಲ್ದೆ ಇರೋಕೂ ಆಗ್ತಿಲ್ಲ, ತಾವೆತ್."

ಅವನು ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣೊರೆಸಿಕೊಂಡ. ಅವಳು ಮಂಡಿಯೂರಿ ಕೊಂಬೆಯನ್ನು ಅದೇ ತೂತಿನಲ್ಲಿ ನಿಲ್ಲಿಸಿದಳು. ಅವನು ಅದರ ಬುಡಕ್ಕೆ ನೀರು ಸುರಿದು, ತಾನೂ ಕೊಂಬೆಯನ್ನು ಹಿಡಿದುಕೊಂಡ.

"ನೀರು ಗಡ್ಡೆ ಕಟ್ಟೋವರೆಗೂ ಹಿಡ್ಕೊಂಡಿರ್ಬೇಕು."

"ಎಷ್ಟು ಹೊತ್ತು?"

"ತುಂಬ ಹೊತ್ತಾಗತ್ತೆ."

ಅವಳು ತನ್ನ ಕೈಯನ್ನು ಅವನ ಕೈಮೇಲೆ ಇಟ್ಟಳು.

"ಆಗ್ಲಿ. ಹಿಡ್ಕೊಂಡಿರು."